ಲಿಂಬಿಹಣ್ಣು ಯಾರದು?

ಮಾಯವ್ವ: ಗುಳಗಿ ನುಂಗ್ರಿ ಅಂದ್ರ ನುಂಗಬೇಕು. ಬಸ್ ಹೊಂಟ ಮ್ಯಾಲ ನುಂಗಿದ್ರ ಏನ್ ಉಪಯೋಗ?

ಸಾತಪ್ಪ: ಅದನ್ನ ನುಂಗಿದ್ರ ನಿದ್ದಿ ಬರ್ತೈತಿ. ಹುಡುಗನ ಮನಿ ನೋಡಾಕ ಹೋಗಿ ಗ್ವರಕಿ ಹೊಡೀಲೇನ?

ಬೆಳಗಾವಿ ನಿಲ್ದಾಣದಲ್ಲಿ ಖಾನಾಪುರದ ಬಸ್ಸು ಗುರುಗುಡುತ್ತಿತ್ತು. ಆಟೋ ನಗರದಲ್ಲಿ ಸಾತಪ್ಪನೆಂದರೆ ಅನಮೋಡ ಘಾಟಿನಲ್ಲಿ ಒಂದೇ ಕೈಯಲ್ಲಿ ಟೆಂಪೊ ತಿರುಗಿಸುವ ಗಟ್ಟಿಗ. ಆದರೆ ಬೇರೆಯವರು ಓಡಿಸುವ ಗಾಡಿಯಲ್ಲಿ ಕುಳಿತನೋ, ಹೊಟ್ಟೆ ತೊಳಸಿ ಬರುತ್ತದೆ. ಇದು ಗೊತ್ತಿದ್ದದ್ದು ಹೆಂಡತಿ ಮಾಯವ್ವನಿಗೆ ಮಾತ್ರ. ಅವಳು ಶುಂಠಿ ಕೊಟ್ಟಳು, ಬೇಡವೆಂದ. ಸೀಟಿನ ಮೇಲೆ ಪೇಪರ್ ಹಾಸಿ ಕೂಡ್ರಿ ಎಂದಳು, ಸಿಟ್ಟಿಗೆದ್ದ. ಕಡೆಗೆ ಲಿಂಬಿಹಣ್ಣಿಗೆ ಒಪ್ಪಿದ, ಅದೂ ಒಂದು ಕರಾರಿನ ಮೇಲೆ.

ಸಾತಪ್ಪ: ಯಾರರ ಕೇಳಿದ್ರ ಹಣ್ಣು ನಿಂದು. ವಾಂತಿನೂ ನಿಂದು.

ಮಾಯವ್ವ: ಮದವ್ಯಾದಾಗಿಂದ ನಿಮ್ಮ ವಾಂತಿ ಎಲ್ಲಾ ನಂದ ಐತಿ. ಮೂಸ್ರಿ ಈಗ.

ನಡುದಾರಿಯ ದೇಸೂರಿನಲ್ಲಿ ಒಬ್ಬ ಹತ್ತಿದ. ನೋಡಿದರೆ, ಹೋದ ವಾರ ಇವರ ಮಗಳು ರೂಪಾಲಿಯನ್ನು ನೋಡಿ ಹೋಗಿದ್ದ ಸಿದರಾಯ, ಹುಡುಗನ ಅಪ್ಪ. ಕೈಯಲ್ಲಿ ಕುಂದಾ ಮಿಠಾಯಿಯ ಡಬ್ಬಿ. ಸಂಬಂಧ ಕೂಡುವುದು ಇವನು ಹೂಂ ಅನ್ನುವುದರ ಮೇಲೆಯೇ ನಿಂತಿತ್ತು. ನಗುತ್ತ ಬಂದು ಪಕ್ಕದಲ್ಲೇ ಕುಳಿತ. ಮಾಯವ್ವ ಗಂಡನ ಮೂಗಿನ ಹತ್ತಿರದಿಂದ ಲಿಂಬಿಹಣ್ಣು ಕಿತ್ತುಕೊಂಡು ತಾನೇ ಮೂಸತೊಡಗಿದಳು.

ಮಾಯವ್ವ: ನನಗ ಬಸ್ ಆಗಿ ಬರೂದಿಲ್ರಿ ಅಣ್ಣಾರ.

ಸಿದರಾಯನ ನಗು ಇಳಿಯಿತು.

ಸಿದರಾಯ: ಹುಡುಗಿಗೂ ಹಿಂಗ ಏನ್ರಿ? ಹಂಗಿದ್ರ ಸ್ವಲ್ಪ ವಿಚಾರ ಮಾಡಬೇಕಾಗ್ತೈತಿ.

ಗಂಡನ ಮಾನ ಉಳಿಸಿದರೆ ಮಗಳ ಸಂಬಂಧ ಹೋಗುತ್ತದೆ. ಮಾಯವ್ವ ಗಂಡನ ಕಡೆ ನೋಡಿದಳು. ಅವನು ತುಟಿ ಬಿಗಿಹಿಡಿದು, ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ.

ಮಾಯವ್ವ: ಇಲ್ರಿ. ನನಗೂ ಇಲ್ಲ, ಮಗಳಿಗೂ ಇಲ್ಲ. ಈ ಹಣ್ಣು ಇವರದು.

ಅಲ್ಲವೆನ್ನಲು ಸಾತಪ್ಪ ಬಾಯಿ ತೆರೆಯಬೇಕಾಯಿತು. ತೆರೆದದ್ದೇ ತಪ್ಪಾಯಿತು; ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಬಾಯಿ ಒರೆಸಿಕೊಂಡು ತಿರುಗಿದರೆ, ಸಿದರಾಯ ತನ್ನ ಜೇಬಿನಿಂದ ಇನ್ನೊಂದು ಲಿಂಬಿಹಣ್ಣು ತೆಗೆದು ಮೂಸುತ್ತಿದ್ದಾನೆ.

ಸಿದರಾಯ: ನಿಮಗಂತ ಕುಂದಾ ತರಾಕ ಬೆಳಗಾವಿಗೆ ಹೋಗಿದ್ದೆ. ಮೊದಲಿನ ಬಸ್ಸಿನ್ಯಾಗ ತಡಕೊಳ್ಳಾಕ ಆಗ್ಲಿಲ್ಲ, ದೇಸೂರಾಗ ಇಳದಬಿಟ್ಟೆ. ನಾನೂ ಲಾರಿ ಡ್ರೈವರ್ರಿ, ನಮ್ಮ ಹುಡುಗನೂ ಡ್ರೈವರ್. ಇಬ್ಬರದೂ ಇದ ಹಣೆಬರ.

ಮಾಯವ್ವ: ಮತ್ತ ಹುಡುಗಿದು ಯಾಕ ಕೇಳಿದ್ರಿ?

ಸಿದರಾಯ: ಲಿಂಬಿಹಣ್ಣು ಹಿಡ್ಯಾಕ ಮನ್ಯಾಗ ಒಬ್ಬರರ ಬೇಕಲ್ರಿ, ಬೀಗತ್ಯಾರ.