ಆಷಾಢದಲ್ಲಿ ಬಿಚ್ಚದ ಪೆಟ್ಟಿಗೆ

ಆ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮೈಸೂರಿನ ಟೀವಿ ಅಂಗಡಿಯವನು ಪುಕ್ಕಟೆ ಕೊಟ್ಟಿದ್ದ. ಮಗಳು ಲಿಖಿತಾಳ ಮೊಲಕ್ಕೊಂದು ಮನೆ ಮಾಡೋಣವೆಂದು ನಿಂಗರಾಜು ಅದನ್ನು ನಂಜನಗೂಡಿನ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದ. ಗಾಳಿಗೆ ಬಾಯಿ ಬಿಡದಿರಲೆಂದು ಅಂಗಡಿಯವನೇ ಟೇಪು ಅಂಟಿಸಿ, ಹಗ್ಗ ಬಿಗಿದಿದ್ದ.

ಬೀದಿಯ ತಿರುವಿನಲ್ಲೇ ಪಕ್ಕದ ಮನೆಯ ಗುರುಸಿದ್ದಮ್ಮ ಕಂಡು, "ಅಯ್ ನನ್ನಪ್ಪಾ, ಕಲರ್ ಟೀವಿ ತಂದ್ಬುಟ್ಯಾ! ನಮ್ ಬೀದಿಗೇ ಮೊದುಲ್ನೇದು ಕಣ್ಲಾ!" ಎಂದು ಕೂಗಿದರು.

ನಿಂಗರಾಜು ಸುಳ್ಳು ಹೇಳಲಿಲ್ಲ. ಸುಮ್ಮನೆ ನಕ್ಕ. ಆ ನಗುವೇ ಕುತ್ತಿಗೆಗೆ ಬಂತು.

"ಆಸಾಡದಲ್ಲಿ ಬಿಚ್ಬ್ಯಾಡ, ಸ್ರಾವಣ ಬರ್ಲಿ," ಎಂದು ಅವರೇ ಅಪ್ಪಣೆ ಕೊಟ್ಟಾಗ ಅವನಿಗೆ ಹೋದ ಜೀವ ಬಂತು. ಪೆಟ್ಟಿಗೆ ನಡುಮನೆಯಲ್ಲಿ, ಕಿಟಕಿಗೆ ಕಾಣುವಂತೆ ಕೂತಿತು. ಹೆಂಡತಿ ಶಿವನಂಜಮ್ಮ ಹಲ್ಲು ಕಚ್ಚಿಕೊಂಡೇ ಅದಕ್ಕೆ ಕುಂಕುಮವಿಟ್ಟಳು. ಫ್ಯಾಕ್ಟರಿಯಲ್ಲಿ ಅವನು 'ಟೀವಿ ನಿಂಗರಾಜು' ಆದ. ನಡಿಗೆಯೇ ಬದಲಾಯಿತು, ಊರ ಬಸವನ ಹಾಗೆ ಎದೆ ಮುಂದೆ ಮಾಡಿ ಬೀದಿ ತುಂಬ ನಡೆದ.

ನಾಳೆ ಶ್ರಾವಣ ಎನ್ನುವ ಅಮಾವಾಸ್ಯೆಯ ಬೆಳಿಗ್ಗೆ, ಮೊಲ ತನಗೆ ಬರಬೇಕಿದ್ದ ಮನೆಯನ್ನು ತಾನೇ ತಿನ್ನತೊಡಗಿತು.

"ಅಯ್ಯಯ್ಯೋ, ರಟ್ಟು ತಿಂದ್ರೆ ಒಟ್ಟೇಲಿ ಗಂಟಾಗಿ ಸತ್ತೋಯ್ತದೆ!" ಎಂದರು ಗುರುಸಿದ್ದಮ್ಮ. ಲಿಖಿತಾ ಹೋ ಎಂದು ಅತ್ತಳು. ಅರ್ಧ ಬೀದಿ ಬಾಗಿಲಲ್ಲಿ ನೆರೆಯಿತು. ನಿಂಗರಾಜುವಿನ ಕಣ್ಣು ಮಾತ್ರ ಅಂಗೈಯಗಲದ ತೂತಿನ ಮೇಲೆ. ಮೊಲ ಇನ್ನೆರಡು ಸಲ ಬಾಯಿ ಹಾಕಿದ್ದರೆ ಅವನ ಮಾನ ಬೀದಿಗೇ ಕಾಣುತ್ತಿತ್ತು. ತೂತಿಗೆ ಬೆನ್ನು ಕೊಟ್ಟು ಕೂತುಬಿಟ್ಟ.

ಯಾರೋ ಓಡಿಹೋಗಿ ದನದ ಡಾಕ್ಟರು ದೊಡ್ಡಸಿದ್ದಯ್ಯನವರನ್ನು ಕರೆತಂದರು. ಅವರು ಮೊಲದ ಹೊಟ್ಟೆ ಒತ್ತಿ, ಹಲ್ಲು ನೋಡಿದರು. "ಏನೂ ಆಗಿಲ್ಲ ಬಿಡ್ರೀ. ಇದರ ಹಲ್ಲು ಬೆಳೀತಾನೇ ಇರ್ತವೆ, ಏನಾದ್ರೂ ಕಡೀಲೇಬೇಕು. ಬರೀ ರಟ್ಟು ಕಡಿದ್ರೆ ಚಿಂತೆಯಿಲ್ಲ. ಅದರಲ್ಲೇ ಹೊಟ್ಟೆ ತುಂಬಿಸ್ಕೋಬಾರ್ದು, ಅಷ್ಟೆ. ಹೊಟ್ಟೆಗೆ ಹುಲ್ಲು ಹಾಕಿ. ಆದ್ರೆ ಟೇಪು, ಪಿನ್ನು ಒಳಗೆ ಹೋಗ್ಬಾರ್ದು. ಎಲ್ಲಿ, ಪೆಟ್ಟಿಗೆ ಎತ್ತಿ, ತಳದ ಪಿನ್ನು ನೋಡೋಣ."

"ಆಷಾಢ ಸಾ! ಅಲ್ಲಾಡಿಸ್ಬಾರ್ದು!"

"ಮೊಲಕ್ಕೆ ಯಾವ ಆಷಾಢಾನಯ್ಯಾ?"

ಎದುರುಮನೆಯ ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ. ನಿಂಗರಾಜುವನ್ನು ಪಕ್ಕಕ್ಕೆ ಸರಿಸಿ, ಭತ್ತದ ಮೂಟೆ ಎತ್ತುವವನಂತೆ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ತಬ್ಬಿದ. ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ಮೇಲೇಳಲು ಹೊರಟಿತು. ಚಿಕ್ಕಸ್ವಾಮಿ ಥಟ್ಟನೆ ಅದನ್ನು ಒತ್ತಿ ಕೂರಿಸಿದ. ನಿಂಗರಾಜುವಿನ ಮುಖ ನೋಡಿದ. ನಿಂಗರಾಜು ಕಣ್ಣು ಮುಚ್ಚಿಕೊಂಡ.

"ಅಬ್ಬಬ್ಬಾ, ಆನೆ ಭಾರ!" ಎಂದು ಚಿಕ್ಕಸ್ವಾಮಿ ಇಲ್ಲದ ಬೆವರು ಒರೆಸಿಕೊಂಡ. ಒಂದು ಮೂಲೆಯನ್ನಷ್ಟೇ ಓರೆಮಾಡಿ ಇಣುಕಿ, "ಪಿನ್ನೆಲ್ಲಾ ಇದ್ದಂಗೇ ಅವೆ ಡಾಕ್ಟ್ರೇ," ಎಂದ. ಜನ ಚದುರಿತು.

ಮಧ್ಯಾಹ್ನ ಅವನೇ ಹಿತ್ತಿಲ ಬಾಗಿಲಿಂದ ಬಂದ. "ಯಾಕ್ಲಾ ನಿನ್ನ ಕಾಪಾಡ್ದೆ ಗೊತ್ತಾ? ನಮ್ಮನೇಲಿ ನಿಂತದಲ್ಲ ಫ್ರಿಜ್ಜಿನ ಪೆಟ್ಟಿಗೆ, ಅದೂ ಇಷ್ಟೇ ಭಾರ."

"ಅಂದ್ರೆ ಅದೂ ಖಾಲೀನೇನ್ಲಾ?" ಎಂದ ನಿಂಗರಾಜು.

"ನಾಳೆ ನಾನೂ ಬಿಚ್ಬೇಕಲ್ಲ, ಮೊಲ ಕೊಡು. ವೈರು ಕಡ್ದಾಕ್ತು, ಕಂಪ್ನಿಗೆ ವಾಪಸ್ ಕಳಿಸ್ದೆ ಅಂತೀನಿ."

"ಲೇ, ಆ ನೆಪ ನಂಗೇ ಬೇಕು ಕಣ್ಲಾ!"

"ಬೆಳಿಗ್ಗೆ ಆನೆ ಎತ್ತಿದ್ದು ಯಾರ್ಲಾ?"

ನಿಂಗರಾಜು ಮೊಲ ಕೊಟ್ಟ.

ಸಂಜೆ ಚಿಕ್ಕಸ್ವಾಮಿ ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡ. ಫ್ರಿಜ್ಜು ಪೆಟ್ಟಿಗೆ ಸಮೇತ ಆಗಲೇ ಟೆಂಪೋ ಹತ್ತಿ ಹೋಗಿತ್ತಂತೆ. ಸಾಕ್ಷಿಗೆ ಒಂದು ಕಂಕುಳಲ್ಲಿ ಮೊಲ, ಇನ್ನೊಂದು ಕೈಯಲ್ಲಿ ಅದು ಕಡಿದ ರಟ್ಟಿನ ಚೂರು. ಎಷ್ಟು ಚೆನ್ನಾಗಿ ಅತ್ತನೆಂದರೆ ಗುರುಸಿದ್ದಮ್ಮನವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಿಂಗರಾಜುವಿನ ಕಡೆ ತಿರುಗಿ, "ಮೊಲ ನಿಂದು, ತಪ್ಪೂ ನಿಂದೇ. ಮಾನವಂತ ಆದ್ರೆ ಅವನ ಫ್ರಿಜ್ಜಿಗೆ ಬದ್ಲು ನಿನ್ ಟೀವಿ ಕೊಟ್ಬುಡು!" ಎಂದರು.

ಇಡೀ ಬೀದಿ ನಿಂಗರಾಜುವನ್ನು ನೋಡಿತು. ಅವನ ತಲೆ ಮೆಲ್ಲಗೆ ಮೇಲೆದ್ದಿತು.

"ಕೊಟ್ಟೆ! ಈಗ್ಲೇ ಹೊತ್ಕೊಂಡೋಗ್ಲಿ!"

ಚಿಕ್ಕಸ್ವಾಮಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಬ್ಯಾಡ ಬ್ಯಾಡ, ಪಾಪ..."

"ಭಾರ ಅಂತ ನೀನೇ ಅಂದ್ಯಲ್ಲ, ತಡಿ, ನಾವೂ ಕೈ ಹಾಕ್ತೀವಿ," ಎಂದು ನಾಲ್ಕು ಜನ ತೋಳು ಮಡಿಸಿದರು.

"ಯಾರೂ ಮುಟ್ಬ್ಯಾಡಿ!" ಎಂದು ಕಿರುಚಿ, ಮೊಲವನ್ನು ಲಿಖಿತಾಳ ಕೈಗೆ ತುರುಕಿ, ಚಿಕ್ಕಸ್ವಾಮಿ ಒಬ್ಬನೇ ಪೆಟ್ಟಿಗೆ ಹೊತ್ತ. ತೂತನ್ನು ಎದೆಗೆ ಒತ್ತಿಕೊಂಡು, ಮೊಣಕಾಲು ನಡುಗಿಸುತ್ತ, ಏದುಸಿರು ಬಿಡುತ್ತ ಬೀದಿ ದಾಟಿದ. ಜನ ಅವನ ಶಕ್ತಿಗೂ ನಿಂಗರಾಜುವಿನ ಧಾರಾಳಕ್ಕೂ ಒಟ್ಟಿಗೇ ಚಪ್ಪಾಳೆ ತಟ್ಟಿದರು.

ನಿಂಗರಾಜು ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಪೆಟ್ಟಿಗೆಯ ಪೀಡೆಯೂ ತೊಲಗಿತು, ದಾನಶೂರ ಎಂಬ ಹೆಸರೂ ಬಂತು.

"ಅಪ್ಪಾ, ಮತ್ತೆ ಮೊಲದ ಮನೆ?" ಎಂದಳು ಲಿಖಿತಾ.

ಅಷ್ಟರಲ್ಲಿ ಗುರುಸಿದ್ದಮ್ಮ ಎದುರುಮನೆಯಿಂದ ಓಡೋಡಿ ಬಂದರು. "ಚಿಕ್ಕಸ್ವಾಮಿ ಈಗ್ತಾನೆ ಅಂದ ಕಣಪ್ಪಾ! ನಾಳೆ ನಿಮ್ಮನೆಗೆ ಇದಕ್ಕಿಂತ ದೊಡ್ಡದು, ಇಪ್ಪತ್ತೊಂಬತ್ತಿಂಚಿಂದು ಬತ್ತದಂತೆ! ಅದ್ಕೇ ಚಿಕ್ಕದ್ನ ಅಂಗೆ ಎತ್ತಿ ಕೊಟ್ಯಂತೆ! ಬೀದಿಯೋರೆಲ್ಲ ನೋಡಕ್ಕೆ ಬತ್ತೀವಿ. ನಿಜವೇನ್ಲಾ?"

ನಿಂಗರಾಜು ಸುಳ್ಳು ಹೇಳಲಿಲ್ಲ. ಸುಮ್ಮನೆ ನಕ್ಕ.