ಬಾಯ್ಗೂಡಿದ ಮೋಟಾರ್ ಸೈಕಲ್ಲು

ನಮ್ಮ ಸೋದರಮಾವ ಒಂದೇ ಮೋಟಾರ್ ಸೈಕಲ್ಲನ್ನು ನಾಲ್ಕು ಸಲ ಮಾರಿದ ಮನುಷ್ಯ. ಹಾಗಂದ ತಕ್ಷಣ ನೀವು ಅವರನ್ನು ನಾಲ್ಕು ಜನಕ್ಕೆ ಟೋಪಿ ಹಾಕಿದ ಆಸಾಮಿ ಅಂದುಕೊಂಡರೆ ತಪ್ಪು. ಟೋಪಿ ಹಾಕುವಷ್ಟು ಚಾಲಾಕಿತನ ಇದ್ದಿದ್ದರೆ ಮೊದಲನೇ ಸಲವೇ ಮಾರಿ ಕೈ ತೊಳೆದುಕೊಳ್ಳುತ್ತಿರಲಿಲ್ಲವೇ? ತಮ್ಮ ಕಷ್ಟವೆಲ್ಲ ತಮ್ಮ ಪ್ರಾಮಾಣಿಕತೆಯಿಂದ ಬಂದದ್ದು ಎಂದು ಮಾವ ಹೇಳುತ್ತಿದ್ದರು. ನಮ್ಮತ್ತೆಯ ಅಭಿಪ್ರಾಯ ಬೇರೆ ಇತ್ತು.

ಮಾವನ ಊರು ಅರಕೆರೆ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೆಳಿಗ್ಗೆ ಹೋಗುವುದಕ್ಕೂ ಸಂಜೆ ಬರುವುದಕ್ಕೂ ಇದೇ ಗಾಡಿ. ಹೋಗುವ ಹೊತ್ತು ಸರಿಯಾಗಿತ್ತು, ಬರುವ ಹೊತ್ತು ಮಾತ್ರ ದೇವರಿಗೇ ಗೊತ್ತು. ದಾರಿಯಲ್ಲಿ ಸಿಕ್ಕವರೆಲ್ಲರ ಭತ್ತದ ರೋಗ, ಕಬ್ಬಿನ ರೋಗ, ಸೊಸೆಯ ರೋಗ ಎಲ್ಲವನ್ನೂ ಕೇಳಿಕೊಂಡು ಬರಬೇಕಲ್ಲ.

ಗಾಡಿಯ ಜೊತೆ ಬಂದಿದ್ದ ಹಾರ್ನು ಯಾವ ಕಾಲಕ್ಕೋ ಬಾಯಿ ಮುಚ್ಚಿತ್ತು. ಮಾವ ಮೈಸೂರಿನ ಗುಜರಿಯಲ್ಲಿ ಹುಡುಕಿ, ಹಳೇ ಬಸ್ಸೊಂದರ ಹಿತ್ತಾಳೆ ಹಾರ್ನು ತಂದು ಹ್ಯಾಂಡಲ್ಲಿಗೆ ಬಿಗಿದಿದ್ದರು. ಹಿಂದುಗಡೆ ಗಜನಿಂಬೆ ಗಾತ್ರದ ರಬ್ಬರ್ ಬುಡ್ಡೆ. ಹಿಂಡಿದರೆ ‘ಪೋಂ’. ಊರ ಮುಂದಿನ ನಾಲೆಯ ಸೇತುವೆ ಹತ್ತಿರ ಎದುರಿಗೆ ಬರುವವರು ಕಾಣದ ಒಂದು ತಿರುವಿದೆ. ಅಲ್ಲಿ ಮಾವ ಒಮ್ಮೆ ಬುಡ್ಡೆ ಹಿಂಡಿದರೆ ಗದ್ದೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಪಕ್ಕದೂರಿಗೆ ಹೋಗಿ ಕೂರುತ್ತಿದ್ದವು.

ಇನ್ನೊಂದು ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಮಾವ ದನಗಳ ವಿಷಯದಲ್ಲಿ ಮಹಾ ಪಂಡಿತರು. ಸುಳಿ ನೋಡಿ, ಹಲ್ಲು ನೋಡಿ, ಎತ್ತಿನ ಜಾತಕ ಬರೆಯಬಲ್ಲವರು. ಮನೆಗೆ ಟ್ರಾಕ್ಟರು ಬಂದು ಎತ್ತುಗಳು ಹೋದ ಮೇಲೆ ಆ ವಿದ್ಯೆಯೆಲ್ಲ ಕೆಲಸವಿಲ್ಲದೆ ಕೂತಿತು. ವಿದ್ಯೆ ಸುಮ್ಮನೆ ಕೂರುತ್ತದೆಯೇ? ಮಾವ ಅದನ್ನು ತಂದು ಮೋಟಾರ್ ಸೈಕಲ್ಲಿಗೆ ಹಚ್ಚಿದರು.

ನಮ್ಮ ಕಡೆ ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾವ ಸೋಮವಾರ ಗಾಡಿ ಹತ್ತುತ್ತಿರಲಿಲ್ಲ. ಅದನ್ನು ತೊಳೆದು, ನೆರಳಿಗೆ ನಿಲ್ಲಿಸಿ, ತಾವು ಬಸ್ಸಿನಲ್ಲಿ ಹೋಗುತ್ತಿದ್ದರು.

“ಮಾವ, ಇವತ್ತು ಸೋಮವಾರ ಅಂತ ಗಾಡಿಗೆ ಗೊತ್ತಾಗುತ್ತಾ?” ಎಂದು ಕೇಳಿದೆ ಒಮ್ಮೆ.

“ಎತ್ತಿಗೆ ಗೊತ್ತಾಯ್ತಿತ್ತೇನ್ಲಾ? ಗೊತ್ತಿರ್ಬೇಕಾದ್ದು ಮೇಲೆ ಕೂತಿರೋನಿಗೆ.”

ಸೋಮವಾರ ಸಂಜೆ ಆ ಮನೆಯಲ್ಲಿ ಜಗಳ ಖಾತ್ರಿ. ಒಂದೋ ಮುದ್ದೆ ಆರಿ ಕಲ್ಲಾಗಿರುತ್ತಿತ್ತು, ಇಲ್ಲವೇ ಇನ್ನೂ ಎಸರೇ ಕುದಿದಿರುತ್ತಿರಲಿಲ್ಲ. ಆರಿದ ಮುದ್ದೆ ಕಂಡರೆ ಮಾವನಿಗೆ ಆಗದು. ಮಿಕ್ಕ ದಿನ ಹೊಗೆಯಾಡುವ ಮುದ್ದೆ ತಟ್ಟೆಗೆ ಬೀಳುವ ಮನೆಯಲ್ಲಿ ಸೋಮವಾರ ಮಾತ್ರ ಹೀಗೇಕೆ ಎಂದು ನಾನು ಯೋಚಿಸಲಿಲ್ಲ. ಅತ್ತೆಗೂ ಬಸವನ ರಜೆ ಇರಬೇಕು ಅಂದುಕೊಂಡಿದ್ದೆ.

ಹೀಗಿರುವಾಗ ಒಂದು ಮಳೆಗಾಲ ಮಾವ ನಾಲೆ ಏರಿಯ ಮೇಲೆ ಜಾರಿ ಬಿದ್ದರು. ಗಾಡಿಗೆ ಏನೂ ಆಗಲಿಲ್ಲ, ಮಾವನ ಬಲಮಂಡಿ ಹೋಯಿತು. ಇನ್ನು ಮೇಲೆ ಕಿಕ್ ಹೊಡೆಯಕೂಡದು ಎಂದರು ಮಂಡ್ಯದ ಡಾಕ್ಟರು. ಮಾವ ವೈದ್ಯರ ಮಾತು ಮೀರುವವರಲ್ಲ. ಅಂದಿನಿಂದ ತಾವು ಹೊಡೆಯುವುದನ್ನು ಬಿಟ್ಟು ದಾರಿಯಲ್ಲಿ ಸಿಕ್ಕವರಿಂದ ಹೊಡೆಸಿದರು. ಅರಕೆರೆಯಲ್ಲಿ ಆ ಗಾಡಿಗೆ ಒದೆಯದ ಗಂಡಸು ಉಳಿಯಲಿಲ್ಲ. ದೇವಸ್ಥಾನದ ಪೂಜಾರಿ ಸಹ ಮಡಿಪಂಚೆ ಎತ್ತಿ ಕಟ್ಟಿ ಎರಡು ಒದ್ದು ಹೋಗುತ್ತಿದ್ದರು.

ಅತ್ತೆ ಒಂದು ದಿನ ಕಡ್ಡಿ ತುಂಡು ಮಾಡಿದಂತೆ ಹೇಳಿದರು. “ಇನ್ನೊಂದು ಕಾಲೂ ಮುರ್ಕಂಡು ಬಂದ್ರೆ ನಾನಂತೂ ನೋಡ್ಕಳಕಿಲ್ಲ. ಅದ್ನ ಮಾರ್ಬುಡಿ.”

“ಮಾರಾನ ಬುಡು,” ಎಂದರು ಮಾವ, ಬಹಳ ಸುಲಭವಾಗಿ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಮೊದಲು ಕೊಳ್ಳಲು ಬಂದವರು ಕೆ.ಆರ್. ಪೇಟೆ ಕಡೆಯ ಒಬ್ಬ ಮೇಷ್ಟ್ರು. ಸಾಕ್ಷಿಗೆ ಇರಲಿ ಎಂದು ಮೈಸೂರಿನಲ್ಲಿ ಕೆಲಸಕ್ಕಿದ್ದ ನನ್ನನ್ನು ಕರೆಸಿದ್ದರು. ಮೇಷ್ಟ್ರು ಗಾಡಿ ನೋಡಿ ಒಪ್ಪಿ, ಜೇಬಿಗೆ ಕೈ ಹಾಕಿದರು. ಮಾವ ತಡೆದರು.

“ನಿದಾನ ಮೇಷ್ಟ್ರೇ. ಎತ್ತು ಮಾರೋನು ದೋಸ ಮುಚ್ಚಿಟ್ರೆ ಅವನ ವಂಸ ಉದ್ದಾರ ಆಗಕಿಲ್ಲ. ಮೂರ್ನೇ ಗೇರು ನಿಲ್ಲಕಿಲ್ಲ. ಮುಂದ್ಲ ಬ್ರೇಕು ಇಡುದ್ರೆ ಇಂದ್ಲದು ಬೇಜಾರು ಮಾಡ್ಕಂತದೆ. ತೊಣ್ಣೂರು ಕೆರೆ ಏರಿ ಮೇಲೆ ಒಂದ್ಸಲ ಸುಮ್ಸುಮ್ಕೆ ನಿಂತ್ಬುಡ್ತು, ಯಾಕೆ ಅಂತ ಇವತ್ಗೂ ಗೊತ್ತಿಲ್ಲ. ಎಡಗಡೆಗೆ ಎಳೀತದೆ. ಎಳೀತದೆ ಅಂದ್ರೆ ಎಂಗೆ? ಅಲ್ಲೊಂದು ಹೆಂಡದಂಗಡಿ ಇದ್ದಂಗೆ.”

ಮೇಷ್ಟ್ರು ಜೇಬಿನಿಂದ ಕೈ ತೆಗೆದರು. ಕರ್ಚೀಫು ಬಂತು, ಅದರಲ್ಲಿ ಮುಖ ಒರೆಸಿಕೊಂಡು ಬಸ್ಸು ಹಿಡಿದರು. “ನಿಜ ಯೋಳುದ್ರೆ ಜನ ನಿಲ್ಲಕಿಲ್ಲ ಕಣ್ಲಾ,” ಎಂದು ಮಾವ ನಿಟ್ಟುಸಿರು ಬಿಟ್ಟರು. ಅಷ್ಟು ಸಂತೋಷದ ನಿಟ್ಟುಸಿರನ್ನು ನಾನು ಕೇಳಿರಲಿಲ್ಲ.

ಎರಡನೇ ಸಲ ಮಾವ ಗಾಡಿಯನ್ನು ಹೇಮಗಿರಿಯ ದನದ ಜಾತ್ರೆಗೆ ಹೊಡೆದುಕೊಂಡು ಹೋದರು. ಹಿಂದೆ ಕೂತವನು ಈ ಬಡಪಾಯಿ, ಅಲ್ಲಲ್ಲಿ ಇಳಿದು ಒದೆಯುವುದಕ್ಕೆ. ಹಳ್ಳಿಕಾರ್ ಎತ್ತುಗಳ ಸಾಲಿನಲ್ಲಿ ಜಾಗ ಹಿಡಿದು, ಗೂಟ ಹೊಡೆದು, ಹ್ಯಾಂಡಲ್ಲಿಗೆ ಹಗ್ಗ ಕಟ್ಟಿದರು. ಹುಲ್ಲು ಹಾಕಲಿಲ್ಲ ಎನ್ನುವುದೊಂದೇ ಸಮಾಧಾನ. ಒಬ್ಬ ದಲ್ಲಾಳಿ ಬಂದು ತಮಾಷೆಗೆ ಕೇಳಿದ, “ಎಷ್ಟಲ್ಲು ಗೌಡ್ರೇ?”

“ಬಾಯ್ಗೂಡಿ ಬಾಳಾ ವರ್ಸ ಆಯ್ತು. ಆದ್ರೂ ಗೇಯ್ಮೆಗೆ ಮೋಸ ಇಲ್ಲ,” ಎಂದರು ಮಾವ. ಹಲ್ಲೆಲ್ಲ ಬಂದು ಮುಗಿದ ಎತ್ತಿಗೆ ಬಾಯ್ಗೂಡಿದ್ದು ಎನ್ನುತ್ತಾರೆ. ಗಾಡಿಗೆ ಹಲ್ಲೆಲ್ಲಿಂದ ಬರಬೇಕು? ಅದನ್ನು ಆ ಜಾತ್ರೆಯಲ್ಲಿ ನನ್ನನ್ನು ಬಿಟ್ಟು ಯಾರೂ ಕೇಳಲಿಲ್ಲ.

ಒಬ್ಬ ರೈತ ಮನಸ್ಸು ಮಾಡಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಟವಲ್ಲಿನ ಕೆಳಗೆ ಬೆರಳು ಹಿಡಿದು ಹೇಳಬೇಕು. ಇಬ್ಬರ ಕೈಯೂ ಟವಲ್ಲಿನೊಳಗೆ ಸುಮಾರು ಹೊತ್ತು ಒದ್ದಾಡಿ, ಬೆಲೆ ಕುದುರಿತು. “ಎಲ್ಲಿ, ಹಾರ್ನು ಒಂದಪ ಹೊಡೀರಿ,” ಎಂದ ರೈತ. ಮಾವ ಬುಡ್ಡೆ ಹಿಂಡಿದರು. ಸಾಲಿಗೆ ಸಾಲೇ ಗೂಟ ಕಿತ್ತುಕೊಂಡು ಹೊಳೆ ಕಡೆಗೆ ಓಡಿತು. ಅದರಲ್ಲಿ ಆ ರೈತ ಆಗತಾನೇ ಕೊಂಡಿದ್ದ ಜೋಡಿಯೂ ಇತ್ತು. ಅವನು ಎತ್ತಿನ ಹಿಂದೆ ಓಡಿದವನು ನಮ್ಮ ಹತ್ತಿರ ವಾಪಸ್ಸು ಬರಲಿಲ್ಲ. ಉಳಿದವರು ಬರುವಷ್ಟರಲ್ಲಿ ನಾವೇ ಹೊರಟುಬಿಟ್ಟೆವು.

ಮೂರನೆಯವನು ನಾಗಮಂಗಲದವನು. ಪಾಪ, ದೋಷಗಳನ್ನೆಲ್ಲ ಕೇಳಿಸಿಕೊಂಡು, ಟವಲ್ಲಿನೊಳಗೂ ಕೈ ಕೊಟ್ಟು, ಮುಂಗಡವನ್ನೂ ಕೊಟ್ಟು ಹೋದ. ಆದರೆ ಗಾಡಿ ಒಯ್ಯಲು ಬಂದದ್ದು ಸೋಮವಾರ. ಮಾವ ಜಗಲಿಯಿಂದ ಏಳಲೇ ಇಲ್ಲ. “ಇವತ್ತು ಅದು ಹೊಸ್ಲು ದಾಟಕಿಲ್ಲ ಕಣಪ್ಪ. ನಾಳೆ ಬಾ.” ಅವನು ಮುಂಗಡ ವಾಪಸ್ಸು ಇಸಿದುಕೊಂಡು ಹೋಗಿ, ವಾರದ ರಜೆ ಕೇಳದ ಬೇರೆ ಗಾಡಿ ಕೊಂಡ.

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನಗು ಮುಗಿದ ಮೇಲೆ ಸಿಟ್ಟು ಮಾಡಿದರು.

ನಾಲ್ಕನೆಯವನು ಪಾಂಡವಪುರದಲ್ಲಿ ಬಳೆ ಅಂಗಡಿ ಇಟ್ಟಿದ್ದ ರಹೀಮ. ಮಾವನ ಗ್ರಹಚಾರಕ್ಕೆ ಈತ ಯಾವ ತಕರಾರೂ ಇಲ್ಲದ ಮನುಷ್ಯ. ಬಂದದ್ದು ಭಾನುವಾರ. ದೋಷಗಳನ್ನು ಹೇಳುತ್ತ ಹೋದರೆ ಪ್ರತಿಯೊಂದಕ್ಕೂ “ಅಚ್ಛಾ, ಆಗ್ಲಿ ಗೌಡ್ರೇ” ಎನ್ನುತ್ತಾನೆ. ಟವಲ್ಲಿನೊಳಗೆ ಮಾವ ಹಿಡಿದ ಬೆರಳಿಗೆ ಚೌಕಾಸಿಯನ್ನೂ ಮಾಡಲಿಲ್ಲ. ಮಾವ ಅತ್ತ ನೋಡಿದರು, ಇತ್ತ ನೋಡಿದರು, ಪಂಚಾಂಗ ತರಿಸಿದರು. ಅದೂ ಕೈಕೊಟ್ಟಿತು. ಆ ದಿನ ರಾಹುಕಾಲ ಬರುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

“ಸರಿ,” ಎಂದರು ಮಾವ. ಅವರ ಮುಖ ನೋಡಲು ನನಗೆ ಆಗಲಿಲ್ಲ. “ಲೇ ಇವ್ಳೇ, ನೀರು ತಕಂಬಾ. ಕಳ್ಸಿಕೊಡು.”

ಎತ್ತು ಮನೆ ಬಿಡುವಾಗ ಮನೆಯೊಡತಿ ಅದರ ಕಾಲಿಗೆ ನೀರು ಹಾಕಿ, ಕುಂಕುಮವಿಟ್ಟು ಕಳಿಸುವುದು ಅವರ ಮನೆಯ ಪದ್ಧತಿ. ಅತ್ತೆ ಚೊಂಬು ತಂದು ಮುಂದಿನ ಚಕ್ರಕ್ಕೆ ನೀರು ಹಾಕಿದರು. ದೀಪದ ಗಾಜಿಗೆ ಕುಂಕುಮ ಇಟ್ಟರು. ಆಮೇಲೆ ಪಕ್ಕಕ್ಕೆ ಸರಿಯದೆ ಅಲ್ಲೇ ನಿಂತರು.

“ಯಾಕಪ್ಪ ರಹೀಮ, ಇವ್ರು ದೋಸ ಎಲ್ಲಾ ಯೋಳಿದ್ರಾ?”

“ಎಲ್ಲಾ ಹೇಳವ್ರೆ ಅಮ್ಮ. ಇನ್ನೂ ಹೇಳಿದ್ರೆ ಪಾಂಡವಪುರ ಸೇರೋಕೆ ಕತ್ತಲಾಯ್ತದೆ.”

“ಒಂದು ಬುಟ್ಟವ್ರೆ. ಅದು ಗಾಡಿ ದೋಸ ಅಲ್ಲ, ನಂದು. ನಾಲೆ ತಾವು ಇದು ಪೋಂ ಅಂದ್ರೇನೇ ನಾನು ಎಸರಿಗೆ ಹಿಟ್ಟು ಹಾಕೋದು. ಇವ್ರು ಕಾಲು ತೊಳ್ಕಂಡು ಕೂರೋ ಹೊತ್ಗೆ ಮುದ್ದೆ ಸರ್ಯಾಗಿ ಆಗಿರ್ತದೆ. ಇವ್ರು ಬಿದ್ದಾಗಿಂದ, ಆ ಸದ್ದು ಬರೋಗಂಟ ಜೀವ ಕೈಲಿ ಇಡ್ಕಂಡು ಕೂತಿರ್ತೀನಿ. ಅದ್ಕೇ ಮಾರಿ ಮಾರಿ ಅಂದೆ. ಈಗ ಸದ್ದೇ ಇಲ್ದಂಗೆ ಆಯ್ತದಲ್ಲ, ನಾಳೆಯಿಂದ ಏನು ಕೇಳ್ಕಂಡು ಹಿಟ್ಟು ಹಾಕ್ಲಿ?”

ನನಗೆ ಆ ಸೋಮವಾರಗಳೆಲ್ಲ ಆಗ ಅರ್ಥವಾದವು. ರಹೀಮ ಆಗಲೇ ಕೈಗೆ ಬಂದಿದ್ದ ಬೀಗದ ಕೈಯನ್ನು ಜಗಲಿಯ ಮೇಲಿಟ್ಟು, “ಬೇಡ ಗೌಡ್ರೇ, ಇಲ್ಲೇ ಇರ್ಲಿ,” ಎಂದ.

ಮೇಷ್ಟ್ರನ್ನು ಓಡಿಸಿ, ಜಾತ್ರೆ ಚದುರಿಸಿ, ನಾಗಮಂಗಲದವನನ್ನು ಸಾಗಹಾಕಿ ಮಾವ ಕಾದಿದ್ದೆಲ್ಲ ಇಂಥದ್ದೊಂದು ಮಾತಿಗಾಗಿ. ಅದು ಈಗ ತಾನಾಗಿ ಬಂದು ಅಂಗಳದಲ್ಲಿ ನಿಂತಿತ್ತು. ಹೂಂ ಅಂದಿದ್ದರೆ ಗಾಡಿ ಉಳಿಯುತ್ತಿತ್ತು. ಮಾವ ಗಾಡಿಯನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದರು.

“ಜೀವ ಕೈಲಿ ಇಡ್ಕಂಡು ಕೂತಿರ್ತೀಯಾ? ಒಂದಿನಾನೂ ಯೋಳ್ನೇ ಇಲ್ಲ.”

“ಏನಂತ ಯೋಳ್ಲಿ,” ಎಂದರು ಅತ್ತೆ.

ಮಾವ ಕುಂಟುತ್ತಾ ಒಳಗೆ ಹೋಗಿ ಸ್ಪ್ಯಾನರು ತಂದರು. ಹ್ಯಾಂಡಲ್ಲಿನಿಂದ ಹಾರ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಬೀಗದ ಕೈಯನ್ನು ರಹೀಮನ ಅಂಗೈಗೆ ಒತ್ತಿದರು. “ಎತ್ತು ಮಾರ್ದೋನು ಹಗ್ಗ ಮಾರ್ಬಾರ್ದು ಕಣಪ್ಪ. ಇದು ನಮ್ಮನೇಲೇ ಇರ್ಲಿ. ನೀನು ಹೊರ್ಡು.”

“ಇಟ್ಕೊಳ್ಳಿ ಗೌಡ್ರೇ,” ಎಂದ ರಹೀಮ. “ಇದನ್ನ ನಮ್ಮ ಬೀದೀಲಿ ಹೊಡುದ್ರೆ ಅಮ್ಮೀಜಾನ್ ನನ್ನ ಒಳಗೇ ಸೇರ್ಸಲ್ಲ.”

ಗಾಡಿ ತಿರುವು ದಾಟುವವರೆಗೂ ಮಾವ ನಿಂತೇ ಇದ್ದರು.

ಮುಂದಿನ ಸಲ ನಾನು ಅರಕೆರೆಗೆ ಹೋದದ್ದು ದೀಪಾವಳಿ ರಜೆಯಲ್ಲಿ. ಸಂಜೆ ಅತ್ತೆ ಒಲೆಯ ಮುಂದೆ ಕೂತಿದ್ದರು. ಎಸರು ಕುದಿಯುತ್ತಿತ್ತು, ಹಿಟ್ಟು ಪಕ್ಕದಲ್ಲಿತ್ತು. ನನ್ನ ಜೊತೆ ಮಾತಾಡುತ್ತಿದ್ದರೂ ಅವರ ಕಿವಿ ರಸ್ತೆಯ ಮೇಲಿತ್ತು. ಪಟ್ಟಣದ ಬಸ್ಸು ಬಂದು ನಿಂತು ಹೊರಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನಾಲೆಯ ಸೇತುವೆ ಕಡೆಯಿಂದ, ಯಾವ ಗಾಡಿಯ ಸದ್ದೂ ಇಲ್ಲದೆ, ಬರೀ ಒಂದು ‘ಪೋಂ’ ಕೇಳಿಸಿತು.

“ಬಂದ್ರು,” ಎಂದು ಅತ್ತೆ ಎಸರಿಗೆ ಹಿಟ್ಟು ಹಾಕಿದರು.

ಮಾವ ಕುಂಟುತ್ತಾ ಅಂಗಳಕ್ಕೆ ಬಂದರು. ಹೆಗಲ ಚೀಲದಿಂದ ಹಿತ್ತಾಳೆ ಹಾರ್ನು ಮೂತಿ ಹೊರಗೆ ಹಾಕಿಕೊಂಡಿತ್ತು. ದಿನಾ ಬಸ್ಸಿನಲ್ಲಿ ಜನ ನಗುತ್ತಾರಂತೆ, ಕಂಡಕ್ಟರು ಅದಕ್ಕೂ ಅರ್ಧ ಟಿಕೇಟು ಕೇಳುತ್ತಾನಂತೆ. ನನಗೂ ತಡೆಯಲಾಗಲಿಲ್ಲ.

“ಮಾವ, ಇವತ್ತು ಸೋಮವಾರ ಅಲ್ವಾ?”

ಮಾವ ಹಾರ್ನನ್ನು ಜೋಪಾನವಾಗಿ ಗೂಟಕ್ಕೆ ನೇತುಹಾಕಿ, ಕಾಲಿಗೆ ನೀರು ಹಾಕಿಕೊಂಡರು. “ಸೋಮವಾರ ಎತ್ತಿಗೆ ಕಣ್ಲಾ, ಹಗ್ಗಕ್ಕಲ್ಲ. ಬಾ, ಉಣ್ಣಾನ.”

ನಾವು ಕೂರುವ ಹೊತ್ತಿಗೆ ಅತ್ತೆ ತಟ್ಟೆ ಹಾಕಿದ್ದರು. ಮುದ್ದೆ ಹೊಗೆಯಾಡುತ್ತಿತ್ತು.