ಸುಜಯಾಳ ಪರೀಕ್ಷೆಯಲ್ಲಿ ನಾನು ಭೂಮಿಯಾದದ್ದು

ನಮ್ಮ ಸುಜಯಾ ಪಾಸಾದಳು! ಫಸ್ಟ್ ಕ್ಲಾಸ್! ಇನ್ನು ಅವಳು ಟೀಚರ್. ನನ್ನ ಮೊಮ್ಮಗಳು, ಟೀಚರ್!

ಮಧ್ಯಾಹ್ನದ ಬಸ್ಸಿನಲ್ಲಿ ಅವಳೇ ಸುದ್ದಿ ತಂದಳು. ಆಗಿನಿಂದ ನಾನು ಕೂತಲ್ಲಿ ಕೂತಿಲ್ಲ. ಬೆಳ್ಮಣ್ ಪೇಟೆಗೆ ಹೋಗಿ ಹೇಳಿ ಬಂದೆ, ನೆರೆಮನೆಯಲ್ಲಿ ಎರಡೆರಡು ಸಲ ಹೇಳಿದೆ, ಹಟ್ಟಿಯ ದನಕ್ಕೂ ಹೇಳಿದೆ. ಇನ್ನು ಹೇಳಲಿಕ್ಕೆ ಯಾರೂ ಉಳಿದಿಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ನನ್ನದು ಎರಡನೇ ಕ್ಲಾಸಿನ ವಿದ್ಯೆ. ತಪ್ಪಿದ್ದರೆ ತಿದ್ದಲಿಕ್ಕೆ ಈಗ ಮನೆಯಲ್ಲೇ ಟೀಚರ್ ಇದ್ದಾಳಲ್ಲ!

ಸುಜಯಾ ಉಡುಪಿಯ ಒಂದು ಆರ್ಟ್ಸ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಹಾಸ್ಟೆಲಿನಲ್ಲಿದ್ದುಕೊಂಡು ಅಲ್ಲೇ ಟೀಚರ್ ಆಗುವ ಓದನ್ನೂ ಓದಿದಳು. ಈ ಓದಿನ ಕೊನೆಗೆ ಪಾಠದ ಪರೀಕ್ಷೆ ಎಂದುಂಟು. ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ಅದರಲ್ಲಿ ಹೋದರೆ ಇಡೀ ವರ್ಷ ಹೋಯಿತು! ಪಾಠ ಮಾಡುವಾಗ ಮಕ್ಕಳಿಗೆ ತೋರಿಸುವ ಸಾಮಾನಿಗೆ ಪಾಠೋಪಕರಣ ಎನ್ನುತ್ತಾರೆ. ಅದನ್ನು ಅವರವರೇ ತಯಾರಿಸಬೇಕು.

ಇವಳಿಗೆ ಸಿಕ್ಕಿದ ಪಾಠ ಹಗಲು ಮತ್ತು ರಾತ್ರಿ. ದುಂಡಗಿನ ತೆಂಗಿನಕಾಯಿ ಆರಿಸಿ, ಸುಲಿದು, ಹೆರೆದು ನುಣುಪು ಮಾಡಿ, ನೀಲಿ ಬಣ್ಣ ಬಳಿದು, ಮೇಲೆ ಹಳದಿಯಲ್ಲಿ ದೇಶಗಳನ್ನೆಲ್ಲ ಬರೆದಳು. ಕಾಯಿಯ ಜುಟ್ಟು ಉತ್ತರ ಧ್ರುವ! ಆದರೆ ಭಾನುವಾರ ಮನೆಯಿಂದ ಹಾಸ್ಟೆಲಿಗೆ ಹೊರಡುವಾಗ ಬಣ್ಣ ಒಣಗಿರಲಿಲ್ಲ.

"ಅಜ್ಜಿ, ಮಂಗಳವಾರ ಬೆಳಿಗ್ಗೆ ಇದನ್ನು ಶಾಲೆಗೆ ತಲುಪಿಸ್ತೀರಾ?"

"ಎಂತ ಮಗಾ, ಒಂದು ಕಾಯಿ ತರ್ಲಿಕ್ಕೆ ನನಗೆ ಟ್ರೈನಿಂಗ್ ಬೇಕಾ?"

ಜಗಲಿಯಲ್ಲಿದ್ದ ನಮ್ಮ ಯಜಮಾನರು ಬಾಯಿ ಹಾಕಿದರು. "ನಾನು ಕೊಂಡುಹೋಗ್ತೇನೆ ಮಾರಾಯ್ತಿ. ನೀನು ಹೋದ್ರೆ ಎಂತಾದ್ರೂ ಒಂದು ಉಪದ್ರ ಉಂಟು."

"ನೀವು ಹೋದ್ರೆ ಚಾ ಕುಡಿದು ಎದ್ದು ಬರುವಾಗ ಭೂಮಿ ಹೋಟೆಲಿನಲ್ಲೇ ಬಾಕಿ ಆಗ್ತದೆ!"

ಮಂಗಳವಾರ ಬಸ್ಸಿನಲ್ಲಿ ಪಡುಬಿದ್ರಿ, ಕಾಪು ದಾಟಿದರೂ ಭೂಮಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಉಡುಪಿಯಲ್ಲಿ ಇಳಿದಾಗ ಪಾಠಕ್ಕೆ ಇನ್ನೂ ಸಮಯವಿತ್ತು. ಸಮಯ ಇದ್ದದ್ದೇ ಅನಾಹುತಕ್ಕೆ ಕಾರಣ! ಎದುರಿಗೇ ಗಣಪತಿ ಗುಡಿ. ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನನ್ನು ದೇವರ ಪಾದಕ್ಕೆ ಮುಟ್ಟಿಸುವ ಕ್ರಮ ನಮ್ಮಲ್ಲುಂಟು. ಪೆನ್ನಿಗೆ ಆಗುವುದಾದರೆ ಭೂಮಿಗೆ ಯಾಕೆ ಆಗಬಾರದು?

ಅವತ್ತು ಸಂಕಷ್ಟಿ. ಕಾಲಿಡಲಿಕ್ಕೆ ಜಾಗವಿಲ್ಲದಷ್ಟು ಜನ, ಜನರಿಗಿಂತ ಹೆಚ್ಚು ಕಾಯಿ. ನಾನೂ ಬಾಳೆಲೆಯ ತುಂಡಿನ ಮೇಲೆ ಭೂಮಿಯನ್ನಿಟ್ಟು, "ಪಾದಕ್ಕೆ ಮುಟ್ಟಿಸಿ ಕೊಡಿ ಭಟ್ರೇ" ಎಂದು ಕೊಟ್ಟೆ. ಗಂಟೆಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಗರ್ಭಗುಡಿಯ ಕತ್ತಲೆಯಲ್ಲಿ ನೀಲಿಯೂ ಒಂದೇ, ಕಂದೂ ಒಂದೇ. ಭಟ್ಟರ ಕೈಗೆ ಕಾಯಿ ಸಿಕ್ಕಿದರೆ ಆ ಕೈಗೆ ಗೊತ್ತಿರುವ ಕೆಲಸವೂ ಒಂದೇ.

ಟಪ್!

"ಅಯ್ಯೋ ಭಟ್ರೇ, ಅದು ಭೂಮಿ!" ಎಂದು ಕಿರುಚಿದೆ.

ಭಟ್ಟರು ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. "ಇದೆಂತದಮ್ಮ, ಕಾಯಿಗೆ ಪೈಂಟ್? ಬೇಜಾರು ಮಾಡ್ಬೇಡಿ, ಒಳಗೆ ಲಾಯ್ಕ ಉಂಟು. ಹಾಳಾಗಿಲ್ಲ. ಒಳ್ಳೇ ಶಕುನ!" ಎಂದು ಎರಡು ಹೋಳಿಗೂ ಹೂವಿಟ್ಟು ಕೊಟ್ಟರು.

ಆದರೆ ಸೋಲುವ ಜಾತಿಯಲ್ಲ ನಾನು. ಮುಡಿಯಲ್ಲಿದ್ದ ಶಂಕರಪುರ ಮಲ್ಲಿಗೆಯನ್ನು ತೆಗೆದು, ಅದರ ಬಾಳೆನಾರಿನಿಂದ ಹೋಳುಗಳನ್ನು ಜೋಡಿಸಿ ಬಿಗಿದೆ. ದೇಶಗಳು ಹೆಚ್ಚುಕಡಿಮೆ ತಮ್ಮ ತಮ್ಮ ಜಾಗಕ್ಕೆ ಬಂದವು. ಭೂಮಿಯ ಸೊಂಟಕ್ಕೆ ಘಮಘಮ ಮಲ್ಲಿಗೆ!

ತರಗತಿಯ ಬಾಗಿಲಲ್ಲಿ ಸುಜಯಾ ಅದನ್ನು ನೋಡಿದಳು. ಮುಖ ಬಿಳಿಚಿತು.

"ಬರೀ ತೋರ್ಸು ಮಗಾ. ತಿರುಗಿಸ್ಬೇಡ" ಎಂದೆ.

"ಅಜ್ಜಿ, ಪಾಠ ಇರುವುದೇ ತಿರುಗುವುದರ ಬಗ್ಗೆ!"

ನಾನು ಅಲ್ಲಿಂದಲೇ ಬಸ್ಸು ಹತ್ತಬೇಕಿತ್ತು. ಮನಸ್ಸು ಕೇಳಲಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ, ಕನ್ನಡಕದ ಒಬ್ಬರ ಪಕ್ಕದಲ್ಲಿ ಕೂತೆ. "ಪಾಠ ಮಾಡುವವಳು ನನ್ನ ಮೊಮ್ಮಗಳು. ನಿಮ್ಮ ಮಗು ಈ ಕ್ಲಾಸಿನಲ್ಲಾ?" ಎಂದು ವಿಚಾರಿಸಿದೆ.

"ನಾನು ಪರೀಕ್ಷಕ" ಎಂದರು.

"ಪರವಾಗಿಲ್ಲ" ಎಂದೆ.

ಸುಜಯಾ ಮೆಲ್ಲಗೆ ಭೂಮಿಯನ್ನು ತಿರುಗಿಸಿದಳು. ನಾರು ಸಡಿಲವಾಯಿತು. ಒಂದು ಹೋಳು ಅವಳ ಕೈಯಲ್ಲಿ ಉಳಿಯಿತು, ಇನ್ನೊಂದು ಮಲ್ಲಿಗೆ ಚೆಲ್ಲುತ್ತಾ ಮಕ್ಕಳ ಕಾಲಡಿಗೆ ಉರುಳಿತು. ತರಗತಿಯೆಲ್ಲ ಗೊಳ್ಳೆಂದಿತು. ಪರೀಕ್ಷಕರು ಪೆನ್ನು ತೆರೆದರು. ಸುಜಯಾಳ ಕಣ್ಣಿನಲ್ಲಿ ನೀರು.

ಆಮೇಲೆ ಅವಳು ನನ್ನನ್ನು ನೋಡಿದಳು. ಅಜ್ಜಿಯನ್ನು ನೋಡುವ ನೋಟ ಅಲ್ಲ ಅದು, ಟೀಚರಿನ ನೋಟ!

"ಅಜ್ಜಿ, ಇಲ್ಲಿ ಬನ್ನಿ."

ಹೋದೆ.

"ಮಕ್ಕಳೇ, ಈಗ ಈ ಅಜ್ಜಿ ಭೂಮಿ. ಆ ಕಿಟಕಿ ಸೂರ್ಯ. ಅಜ್ಜಿಯ ಮುಖದಲ್ಲಿ ಎಂತ?"

"ಹಗಲು!"

"ತುರುಬಿನಲ್ಲಿ?"

"ರಾತ್ರಿ!"

"ತಿರುಗಿ ಅಜ್ಜಿ. ಈಗ?"

"ತುರುಬಿಗೆ ಬೆಳಗಾಯ್ತು ಟೀಚರ್!"

ಮಕ್ಕಳಿಗೆ ಖುಷಿಯೋ ಖುಷಿ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದರು. ನಾನು ತಿರುಗಿದೆ. ದಿನಗಳು ಉರುಳಿದವು. "ಮಗಾ, ಭೂಮಿಗೆ ತಲೆ ತಿರುಗ್ತದೆ" ಎಂದೆ. "ನನಗೆ ಗ್ಯಾಸಿನ ತೊಂದ್ರೆಯೂ ಉಂಟು" ಎಂದೆ. ಯಾರು ಕೇಳಬೇಕು? ಕೊನೆಗೆ ತೂರಾಡುತ್ತಾ ಹಿಂದೆ ಹೋಗಿ ಬೆಂಚೆಂದುಕೊಂಡು ಪರೀಕ್ಷಕರ ಚೀಲದ ಮೇಲೆ ಕೂತೆ. ಒಳಗೆ ಏನೋ ಕಟಕ್ಕೆಂದಿತು. ಏನೆಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅವತ್ತಿನಿಂದ ಇವತ್ತು ರಿಸಲ್ಟ್ ಬರುವವರೆಗೆ ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಅಂಗಳಕ್ಕೆ, ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಗೇಟಿಗೆ ಓಡುವುದೇ ಕೆಲಸ. "ನೀನು ಶಾಲೆಯಲ್ಲಿ ತಿರುಗಿದ್ದು ಇನ್ನೂ ನಿಲ್ಲಲಿಲ್ವಾ?" ಎಂದು ಯಜಮಾನರ ಕುಟುಕು ಬೇರೆ.

ಇವತ್ತು ಸಂಜೆಯೇ ಮನೆಮಂದಿಯೆಲ್ಲ ಊಟಕ್ಕೆ ಕೂತರು. ಮಗ, ಸೊಸೆ, ಯಜಮಾನರು, ನಡುವೆ ನಮ್ಮ ಟೀಚರ್. ಆ ಕಾಯಿಯ ಒಂದು ಕರಟಕ್ಕೆ ಹಿಡಿ ಹಾಕಿಸಿ ಸೌಟು ಮಾಡಿಟ್ಟಿದ್ದೆ. ಅರ್ಧ ಭೂಮಿಯಲ್ಲಿ ಪಾಯಸ ಬಡಿಸುತ್ತಾ ಸುತ್ತಿದೆ.

"ಆ ಪರೀಕ್ಷಕರು ಎಂತ ಹೇಳಿದ್ರಂತೆ ಮಗಾ?" ಎಂದು ಯಜಮಾನರು ಕೇಳಿದರು.

"ಇವತ್ತು ನಮ್ಮ ಮೇಡಂ ಹೇಳಿದ್ರು ಅಜ್ಜ. ಪಾಠ ಬಹಳ ಒಳ್ಳೇದಿತ್ತಂತೆ, ಪಾಠೋಪಕರಣವೂ ಒಳ್ಳೇದಿತ್ತಂತೆ. ಮಾತು ಮಾತ್ರ ಸ್ವಲ್ಪ ಜಾಸ್ತಿಯಂತೆ."

"ಯಾರದ್ದು, ನಿನ್ನದಾ?"

"ಅಲ್ಲ, ಪಾಠೋಪಕರಣದ್ದು!"

ನಗುವಿನ ಭರಕ್ಕೆ ಯಜಮಾನರ ಪಾಯಸ ಮೂಗಿಗೆ ಏರಿತು. ಸುಜಯಾ ನನ್ನ ಕೈಯಿಂದ ಸೌಟು ಕಸಿದು, ಪಕ್ಕದಲ್ಲಿ ಕೂರಿಸಿ, ನನ್ನ ಎಲೆಗೆ ತಾನೇ ಬಡಿಸಿದಳು. ಆಮೇಲೆ ನಾನು ಒಂದೇ ಒಂದು ಮಾತೂ ಆಡಲಿಲ್ಲ.

ಬಾಯಿ ತುಂಬ ಪಾಯಸವಿತ್ತು.